ಮೂತ್ರಕೋಶದ ಅನುಲೇಪಕ ಅಂಗಾಂಶದ ಸ್ಲೈಡುಗಳು: ಕೊಳ್ಳುವವರಿಗೆ ಒಂದು ವಿಮರ್ಶೆ

ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ತರಿಸಿದ ಅಂಗಾಂಶ ಸ್ಲೈಡುಗಳ ಪೆಟ್ಟಿಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮೂತ್ರಕೋಶದ ಜೋಡಿ ಸ್ಲೈಡು. ಒಂದರಲ್ಲಿ ಖಾಲಿಯಾಗಿ ಕುಗ್ಗಿದ ಮೂತ್ರಕೋಶದ ಛೇದವಿದೆ, ಇನ್ನೊಂದರಲ್ಲಿ ತುಂಬಿ ಹಿಗ್ಗಿದ್ದರದು. ಮೊದಲನೆಯದನ್ನು ಮಾತ್ರ ಕೊಟ್ಟರೆ, ಮೂತ್ರಕೋಶದ ಒಳಮೈಯನ್ನು ಹೊದಿಸಿರುವ ಕೋಶಗಳ ಪದರ, ಅಂದರೆ ಟ್ರಾನ್ಸಿಷನಲ್ ಅನುಲೇಪಕ ಅಂಗಾಂಶವು, ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣದೆ ಬಾಯಿಪಾಠ ಮಾಡಬೇಕಾಗುತ್ತದೆ.

ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣಗಳು ಹದವಾಗಿ ಹಿಡಿದಿವೆ. ಕೋಶಕೇಂದ್ರಗಳ ನೇರಳೆಯೂ ಕೋಶರಸದ ಗುಲಾಬಿಯೂ ಒಂದರೊಳಗೊಂದು ಕಲೆಸಿಹೋಗಿಲ್ಲ. ಖಾಲಿ ಮೂತ್ರಕೋಶದ ಸ್ಲೈಡನ್ನು 40ಎಕ್ಸ್ ಮಸೂರದಡಿ ಇಟ್ಟರೆ ಐದಾರು ಸಾಲು ಕೋಶಗಳು ಸ್ಪಷ್ಟವಾಗಿ ಕಾಣುತ್ತವೆ: ತಳಪೊರೆಗೆ ಅಂಟಿ ಒತ್ತೊತ್ತಾಗಿ ನಿಂತ ಚಿಕ್ಕ ಕೋಶಗಳು, ಅವುಗಳ ಮೇಲೆ ತುಸು ಉದ್ದನೆಯವು, ಎಲ್ಲಕ್ಕಿಂತ ಮೇಲೆ ಗುಮ್ಮಟದಂತೆ ಉಬ್ಬಿ, ಕೆಳಗಿನ ಹಲವು ಕೋಶಗಳನ್ನು ಒಂದೊಂದೇ ಮುಚ್ಚಿಕೊಂಡಿರುವ ದೊಡ್ಡ ಛತ್ರಿ ಕೋಶಗಳು. ಈ ಛತ್ರಿ ಕೋಶಗಳಲ್ಲಿ ಕೆಲವಕ್ಕೆ ಎರಡೆರಡು ಕೋಶಕೇಂದ್ರಗಳಿರುವುದನ್ನೂ ಇಲ್ಲಿ ಹುಡುಕಿ ತೋರಿಸಬಹುದು. ಹಿಗ್ಗಿದ ಸ್ಲೈಡಿನಲ್ಲಿ ಅದೇ ಕೋಶಗಳು ಚಪ್ಪಟೆಯಾಗಿ, ಎರಡು ಮೂರು ಸಾಲು ಮಾತ್ರ ಇರುವಂತೆ ತೋರುತ್ತವೆ.

ಪೆಟ್ಟಿಗೆಯ ಜೊತೆ ಬಂದ ಕೈಪಿಡಿ ಮಾತ್ರ ನಿರಾಸೆಗೊಳಿಸಿತು. ಈ ಪದರ ‘ರಕ್ಷಣೆ ನೀಡುತ್ತದೆ’ ಎಂದಷ್ಟೇ ಬರೆದು ಕೈಬಿಟ್ಟಿದ್ದಾರೆ. ಛತ್ರಿ ಕೋಶಗಳ ಹೊರಮೈಯಲ್ಲಿ ಯುರೋಪ್ಲಾಕಿನ್ ಎಂಬ ಪ್ರೋಟೀನುಗಳ ಗಟ್ಟಿ ಫಲಕಗಳಿವೆ; ಅಕ್ಕಪಕ್ಕದ ಕೋಶಗಳ ನಡುವೆ ಬಿಗಿಯಾದ ಬೆಸುಗೆಯಿದೆ; ಇವೆರಡೂ ಸೇರಿ, ಶೇಖರವಾದ ಮೂತ್ರದಲ್ಲಿನ ಯೂರಿಯಾ ಮತ್ತು ಲವಣಗಳು ಮತ್ತೆ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮೂತ್ರ ತುಂಬುತ್ತ ಹೋದಂತೆ ಛತ್ರಿ ಕೋಶಗಳೊಳಗಿನ ಚಪ್ಪಟೆಯಾದ ಪುಟ್ಟ ಪೊರೆಚೀಲಗಳು ಆ ಕೋಶಗಳ ಹೊರಪೊರೆಯೊಂದಿಗೆ ಬೆರೆತು ಅದರ ವಿಸ್ತಾರವನ್ನು ಹೆಚ್ಚಿಸುತ್ತವೆ, ಆದ್ದರಿಂದಲೇ ಪದರವು ಹರಿಯದೆ ಹಿಗ್ಗುತ್ತದೆ. ಇವನ್ನು ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು ನಿಜ, ಆದರೆ ಕೈಪಿಡಿಯಲ್ಲಿ ಒಂದು ಚಿತ್ರ ಕೊಟ್ಟಿದ್ದರೆ ಸ್ಲೈಡಿನಲ್ಲಿ ಕಂಡ ಆಕಾರಕ್ಕೂ ಅದರ ಕೆಲಸಕ್ಕೂ ಇರುವ ನಂಟನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಿದ್ದರು.

ಇದಕ್ಕಿಂತ ಗಂಭೀರವಾದ ಕೊರತೆ ಹಿಗ್ಗಿದ ಸ್ಲೈಡಿನಲ್ಲೇ ಇದೆ. ಛೇದದ ಒಂದು ಭಾಗ ಓರೆಯಾಗಿ ಕತ್ತರಿಸಲ್ಪಟ್ಟಿರುವುದರಿಂದ ಅಲ್ಲಿ ಸಾಲುಗಳು ಹೆಚ್ಚಾಗಿ ಕಾಣುತ್ತವೆ. ಹೊಸಬರು ಆ ಭಾಗವನ್ನು ನೋಡಿ ಎರಡೂ ಸ್ಲೈಡು ಒಂದೇ ಎಂದುಕೊಳ್ಳುವುದು ಖಂಡಿತ. ಸದ್ಯಕ್ಕೆ ನೇರವಾಗಿ ಕತ್ತರಿಸಿದ ಕಡೆ ಗಾಜಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಟ್ಟಿದ್ದೇವೆ. ಸಣ್ಣ ಪ್ರಯೋಗಾಲಯಗಳಿಗೆ ಈ ಜೋಡಿಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಆದರೆ ಹಣ ಕೊಡುವ ಮೊದಲು ಹಿಗ್ಗಿದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸರಿಸಿ ನೋಡಿ, ಓರೆಯಾಗಿದ್ದರೆ ಬದಲಿಸಿಕೊಡುವಂತೆ ಕೇಳಿ.