ಹೊಟ್ಟೆ ಕೆಟ್ಟ ರೋಗಿಗೆ ನರ್ಸಿಂಗ್ ಡಯಾಗ್ನೋಸಿಸ್: ಪಿಇಎಸ್ ವಾಸಿಯೋ, ಡಿಎಆರ್ ವಾಸಿಯೋ?

ರೋಗಿಯ ಯಾವ ತೊಂದರೆಗೆ ನರ್ಸ್ ಆರೈಕೆ ಬೇಕು ಎಂದು ಗುರುತಿಸಿ ಬರೆಯುವುದೇ ನರ್ಸಿಂಗ್ ಡಯಾಗ್ನೋಸಿಸ್. ವಾರ್ಡಿನಲ್ಲಿ ಎರಡೂ ರೀತಿ ಬರೆದಿದ್ದೇನೆ. ಪಿಇಎಸ್ ಅಂದರೆ ಸಮಸ್ಯೆ, ಅದರ ಕಾರಣ, ಕಂಡ ಲಕ್ಷಣ. 1976ರಲ್ಲಿ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಮಾರ್ಜೊರಿ ಗಾರ್ಡನ್ ಕೊಟ್ಟ ಈ ಚೌಕಟ್ಟನ್ನೇ ನಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಡಿಎಆರ್ ಅಂದರೆ ಫೋಕಸ್ ಚಾರ್ಟಿಂಗ್: ಕಂಡದ್ದು, ಮಾಡಿದ್ದು, ಅದರಿಂದ ರೋಗಿಗೆ ಏನಾಯಿತು.

ವಾಂತಿ-ಭೇದಿಯ ರೋಗಿಗೆ ಡಿಎಆರ್ ಚೆನ್ನಾಗಿ ಒಗ್ಗುತ್ತದೆ. 'ಬೆಳಗಿನಿಂದ ಆರು ಸಲ ನೀರುಭೇದಿ, ನಾಲಿಗೆ ಒಣಗಿದೆ, ನಾಡಿ 112. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ) ಡ್ರಿಪ್ ಶುರು, ಓಆರ್‌ಎಸ್ ಗುಟುಕು ಗುಟುಕಾಗಿ. ಎರಡು ಗಂಟೆಯ ನಂತರ ನಾಡಿ 94, ಮೂತ್ರ 150 ಮಿಲಿ.' ನೈಟ್ ಡ್ಯೂಟಿಗೆ ಬಂದವರಿಗೆ ಇಷ್ಟು ಸಾಕು. ಇದನ್ನೇ ಪಿಇಎಸ್‌ನಲ್ಲಿ ಬರೆದರೆ ಸಂಜೆ ಹೊತ್ತಿಗೆ ಲಕ್ಷಣಗಳೆಲ್ಲ ಹಳತಾಗಿರುತ್ತವೆ. ಆದರೂ ಯಾವುದು ಮೊದಲು ಎಂದು ಯೋಚಿಸುವಂತೆ ಮಾಡುವುದು ಪಿಇಎಸ್ಸೇ. ವಿದ್ಯಾರ್ಥಿಗಳು ಮೊದಲು ಭೇದಿ ಅಂತ ಬರೆಯುತ್ತಾರೆ. ನಾನು ದ್ರವದ ಕೊರತೆಯನ್ನು ಮೇಲಿಡುತ್ತೇನೆ, ಜೀವಕ್ಕೆ ಕುತ್ತು ತರುವುದು ಅದು. ಚರ್ಮ ಕೆಂಪಾಗಿ ಹುಣ್ಣಾಗುವ ಅಪಾಯ ಆಮೇಲೆ. ಅಪಾಯ ಅಂತ ಬರೆದಲ್ಲಿ ಮೂರನೇ ಭಾಗ ಇರುವುದಿಲ್ಲ, ಆಗದೇ ಇರುವುದಕ್ಕೆ ಲಕ್ಷಣ ಎಲ್ಲಿಂದ ಬರಬೇಕು?

ಮಲಬದ್ಧತೆಯ ಕತೆ ಬೇರೆ. ಸೊಂಟದ ಆಪರೇಷನ್ ಆದ ಅಜ್ಜಿಯೊಬ್ಬರ ಶೀಟಿನಲ್ಲಿ ಶಿಫ್ಟ್ ಮೇಲೆ ಶಿಫ್ಟ್ ಒಂದೇ ಡಿಎಆರ್ ಸಾಲು: ಮಲ ಹೋಗಿಲ್ಲ, ಸಿರಪ್ ಕೊಟ್ಟಿದೆ, ಫಲವಿಲ್ಲ. ಪಿಇಎಸ್ ಬರೆಯಲು ಕೂತಾಗ ಕಾರಣದ ಜಾಗ ಖಾಲಿ ಬಿಡುವಂತಿಲ್ಲ. ನೋವಿನ ಮಾತ್ರೆ ಟ್ರಮಡಾಲ್ ನಡೀತಿತ್ತು, ಅದರಿಂದ ಕರುಳಿನ ಚಲನೆ ನಿಧಾನವಾಗುತ್ತದೆ. ಇಂಟೇಕ್ ಚಾರ್ಟ್ ನೋಡಿದರೆ ನೀರು ತೀರಾ ಕಮ್ಮಿ. ಹತ್ತಿರ ಕೂತು ಕೇಳಿದೆ.

'ನೀರ ಯಾಕ ಕುಡಿಯಂಗಿಲ್ಲ ಅಜ್ಜಿ?'

'ಕುಡದ್ರ ಮತ್ತ ಬೆಡ್‌ಪ್ಯಾನ್ ಇಡ್ತೀರಿ. ಅಷ್ಟ ಮಂದಿ ಮುಂದ ಹ್ಯಾಂಗ ಕೂಡ್ಲಿ ಅಕ್ಕೋರ?'

ಹೀಗೆ ಬರೆದೆ: 'ಮಲಬದ್ಧತೆ, ಕಾರಣ: ನೋವಿನ ಮಾತ್ರೆ, ಕಡಿಮೆ ನೀರು, ಮರೆಯಿಲ್ಲದ ಜಾಗ, ಲಕ್ಷಣ: ಹೊಟ್ಟೆ ಬಿಗಿತ, ತಿಣುಕಿದರೂ ಒಂದೆರಡು ಗಟ್ಟಿ ಉಂಡೆ.' ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿದೆ, ಮಲ ಮೆತ್ತಗಾಗಿಸುವ ಸಿರಪ್ ಲ್ಯಾಕ್ಟುಲೋಸ್ ಡೋಸ್ ಹೆಚ್ಚಿಸಿದರು. ಸ್ಕ್ರೀನ್ ಇಟ್ಟು, ಬೆಳಗಿನ ತಿಂಡಿಯಾದ ಕೂಡಲೇ ತಲೆಭಾಗ ಎತ್ತಿ ಬೆಡ್‌ಪ್ಯಾನ್ ಕೊಡುವುದು ನಮ್ಮ ಕೆಲಸ. ಹೊಟ್ಟೆಗೆ ಆಹಾರ ಬಿದ್ದಾಗ ಕರುಳು ತಾನಾಗಿ ಚುರುಕಾಗುತ್ತದೆ. ಮರೆ ಸಿಕ್ಕಿದ ಮೇಲೆ ಅಜ್ಜಿ ನೀರನ್ನೂ ಕುಡಿದರು, ಹೊಟ್ಟೆಯೂ ಹಗುರಾಯಿತು.

ಕಾರಣದ ಜಾಗದಲ್ಲಿ 'ಸೊಂಟದ ಮೂಳೆ ಮುರಿತ' ಅಂತ ಬರೆದು ಕೈತೊಳೆದುಕೊಂಡ ಶೀಟುಗಳನ್ನೂ ನೋಡಿದ್ದೇನೆ. ಮುರಿತಕ್ಕೆ ಸಿಸ್ಟರ್ ಏನು ಮಾಡಬಲ್ಲರು? ಪುಸ್ತಕದಿಂದ 'ನಾರಿನಂಶ ಕಡಿಮೆ' ಎಂದು ಎಲ್ಲರಿಗೂ ಇಳಿಸುವುದೂ ಅಷ್ಟೇ ವ್ಯರ್ಥ. ಹಾಗೆ ಬರೆಯುವುದಾದರೆ ಪಿಇಎಸ್‌ಗಿಂತ ಡಿಎಆರ್ ಎಷ್ಟೋ ಮೇಲು, ಅದರಲ್ಲಿ ಕಣ್ಣಾರೆ ಕಂಡದ್ದಾದರೂ ಇರುತ್ತದೆ.

ಸಮಯದ ವಿಷಯದಲ್ಲಿ ಡಿಎಆರ್ ಗೆಲ್ಲುತ್ತದೆ, ತುಂಬಿದ ವಾರ್ಡಿನಲ್ಲಿ ಅದು ಸಣ್ಣ ಮಾತಲ್ಲ. ಈಗ ನಾನು ಅಡ್ಮಿಷನ್ ದಿನ ಪಿಇಎಸ್, ಆಮೇಲೆ ಶಿಫ್ಟಿಗೊಂದು ಡಿಎಆರ್ ಬರೆಯುತ್ತೇನೆ. ಸತತ ಎರಡು ಶಿಫ್ಟ್ 'ಫಲವಿಲ್ಲ' ಎಂದು ಬಂದರೆ ಮತ್ತೆ ರೋಗಿಯ ಪಕ್ಕ ಕೂತು ಪಿಇಎಸ್‌ನ ಕಾರಣವನ್ನು ತಿದ್ದುತ್ತೇನೆ.