ಸಿಸ್ಕೋ ಬೇಡ ಅಂದವನು ಎರಡು ಮಳೆಗಾಲ ಸಿಸ್ಕೋ ಬಳಸಿದೆ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಂಘದ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಕೆಲಸ ಒಪ್ಪಿಕೊಂಡ ದಿನವೇ ಒಂದು ಮಾತು ಹೇಳಿಬಿಟ್ಟಿದ್ದೆ: ಏನು ತಂದರೂ ಸರಿ, ಸಿಸ್ಕೋ ಬೇಡ.

ಸಿಸ್ಕೋ ಅಂದರೆ ನೆಟ್‌ವರ್ಕ್ ಸಾಮಾನು ಮಾಡುವ ದೊಡ್ಡ ಅಮೆರಿಕನ್ ಕಂಪನಿ. ಬೇಡ ಅನ್ನುವುದಕ್ಕೆ ಕಾರಣ ಹಳೆಯ ಒಂದು ಸಿಟ್ಟು. ಹಿಂದೆ ಬೇರೆ ಕಡೆ ಒಬ್ಬ ಡೀಲರ್ ಒಂದು ದೊಡ್ಡ ಕಂಪನಿಯ ಸಾಮಾನಿಗೆ ಕೊಟೇಶನ್ ಕೊಟ್ಟಿದ್ದರು. ಸಾಮಾನಿನ ಬೆಲೆ, ಅದರ ಕೆಳಗೆ ಲೈಸೆನ್ಸ್, ಅದರ ಕೆಳಗೆ ಪ್ರತಿ ವರ್ಷ ಕಟ್ಟುವ ಸರ್ವಿಸ್ ಹಣ. ಬೆಳೆಗಾರರ ದುಡ್ಡಿನಲ್ಲಿ ನಡೆಯುವ ಜಾಗಕ್ಕೆ ಇದು ಯಾಕೆ ಅನ್ನಿಸಿತ್ತು. ಆ ಕೊಟೇಶನ್‌ಗೂ ಸಿಸ್ಕೋಗೂ ಸಂಬಂಧವೇ ಇರಲಿಲ್ಲ. ಆದರೂ ಸಿಟ್ಟು ದೊಡ್ಡ ಹೆಸರುಗಳ ಮೇಲೆಲ್ಲ ಹರಡಿಬಿಟ್ಟಿತು.

ಹಾಗಾಗಿ ಮೊದಲು ತಂದಿದ್ದು ಮೈಕ್ರೋಟಿಕ್. ಲಾಟ್ವಿಯಾ ದೇಶದ ಕಂಪನಿ, 1996ರಲ್ಲಿ ಶುರುವಾಗಿದ್ದು. ಅವರ ಸಿಆರ್‌ಎಸ್326, 24 ಗಿಗಾಬಿಟ್ ಪೋರ್ಟಿನ ಸ್ವಿಚ್. ಸ್ವಿಚ್ ಅಂದರೆ ಕಂಪ್ಯೂಟರ್, ಪ್ರಿಂಟರ್‌ಗಳ ಕೇಬಲ್‌ಗಳನ್ನು ಒಟ್ಟು ಸೇರಿಸುವ ಪೆಟ್ಟಿಗೆ, ಪೋರ್ಟ್ ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ. ಆಮೇಲೆ ಕೆಟ್ಟರೆ ಬದಲಿಗೆ ಇರಲಿ ಅಂತ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ವಿಚ್ ತಂದೆ. ಹೊಸದರ ಕಾಲು ಭಾಗ ಬೆಲೆಗೆ ಸಿಕ್ಕಿದ್ದು ಸಿಸ್ಕೋ ಕ್ಯಾಟಲಿಸ್ಟ್ 2960 ಒಂದೇ. ಮನಸ್ಸಿಲ್ಲದೆ ತಂದೆ. ಹೊಸದನ್ನೂ ಹಳೆಯದನ್ನೂ ಹೋಲಿಸುವುದು ಸರಿಯಾ ಅಂತ ಕೇಳಬಹುದು. ನಮ್ಮ ಬಜೆಟ್ಟಿಗೆ ಎಟುಕಿದ್ದು ಇವೆರಡೇ.

ಮಲೆನಾಡಲ್ಲಿ ಮೊದಲ ಪರೀಕ್ಷೆ ಕರೆಂಟ್‌ನದು. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಇಲ್ಲಿ ಮೈಕ್ರೋಟಿಕ್ ಬಹಳ ಮುಂದೆ. ಆ ಸ್ವಿಚ್ 10ರಿಂದ 30 ವೋಲ್ಟ್ ಡಿಸಿ ತೆಗೆದುಕೊಳ್ಳುತ್ತದೆ. ಅಂದ್ರೆ ಗೋಡೌನಿನಲ್ಲಿ ಸೋಲಾರ್‌ಗೆ ಇಟ್ಟಿರುವ 12 ವೋಲ್ಟ್ ಬ್ಯಾಟರಿಯಿಂದ ಒಂದು ಫ್ಯೂಸ್ ಹಾಕಿ ನೇರ ವೈರ್ ಎಳೆದರೆ ಸಾಕು. ನಡುವೆ ಇನ್ವರ್ಟರ್ ಬೇಡ. ಫ್ಯಾನೂ ಇಲ್ಲ, ಹಾಗಾಗಿ ಅಡಿಕೆ ದೂಳನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ನಮ್ಮ ಕ್ಯಾಟಲಿಸ್ಟ್‌ಗೆ ಮನೆ ಕರೆಂಟೇ ಬೇಕು. ಕರೆಂಟ್ ಹೋದರೆ ಯುಪಿಎಸ್ ಇರುವವರೆಗೆ ಮಾತ್ರ.

ಎರಡನೆಯದು ಸಿಡಿಲು. ಆಫೀಸಿನಿಂದ ಗೋಡೌನಿಗೆ ಅಂಗಳ ದಾಟಿ ತಾಮ್ರದ ಕೇಬಲ್ ಇತ್ತು. ಏಪ್ರಿಲ್ ಕೊನೆಯ ಒಂದು ಸಂಜೆ ಹತ್ತಿರದಲ್ಲೇ ಸಿಡಿಲು ಹೊಡೆಯಿತು. ಆ ಕೇಬಲ್ಲಿನ ಎರಡೂ ತುದಿಯ ಸಾಮಾನು ಸುಟ್ಟಿತು. ಯಾವ ಬ್ರ್ಯಾಂಡ್ ಇದ್ದಿದ್ದರೂ ಸುಡುತ್ತಿತ್ತು. ಉದ್ದದ ತಾಮ್ರದ ತಂತಿ ಸುತ್ತಲಿನ ಸಿಡಿಲಿನ ಹೊಡೆತವನ್ನು ಹಿಡಿದು ಒಳಗೆ ತರುತ್ತದೆ. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಫೈಬರ್ ಎಳೆಸಿದೆವು. ಬ್ರ್ಯಾಂಡ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಮಾಡಬೇಕಿತ್ತು.

ಫೈಬರ್ ಬಂದ ಮೇಲೆ ಸಿಸ್ಕೋ ಬಗ್ಗೆ ನನ್ನ ದೂರಿಗೆ ಒಂದು ನಿಜವಾದ ಆಧಾರ ಸಿಕ್ಕಿತು. ಫೈಬರ್ ಸಿಕ್ಕಿಸುವ ಎಸ್‌ಎಫ್‌ಪಿ ಮಾಡ್ಯೂಲ್ ಅನ್ನುವ ಚಿಕ್ಕ ಸಾಮಾನು ಸಿಸ್ಕೋದ್ದಲ್ಲದಿದ್ದರೆ ಕ್ಯಾಟಲಿಸ್ಟ್ ಸ್ವಿಚ್ ಸಾಮಾನ್ಯವಾಗಿ ಆ ಪೋರ್ಟನ್ನೇ ನಿಲ್ಲಿಸುತ್ತದೆ. 'ಸರ್ವಿಸ್ ಅನ್‌ಸಪೋರ್ಟೆಡ್ ಟ್ರಾನ್ಸೀವರ್' ಅನ್ನುವ ಕಮಾಂಡ್ ಕೊಟ್ಟರೆ ಒಪ್ಪಿಕೊಳ್ಳುತ್ತದೆ. ಆದರೆ ಆ ಕಮಾಂಡ್ ಗೊತ್ತಿರಬೇಕಲ್ಲ! ಮೈಕ್ರೋಟಿಕ್ ಬೇರೆಯವರ ಮಾಡ್ಯೂಲಿಗೆ ಇಂಥ ಬೀಗ ಹಾಕುವುದಿಲ್ಲ.

ಇಷ್ಟರವರೆಗೆ ನನ್ನ ಹಟವೇ ಸರಿ ಅನ್ನಿಸುತ್ತಿತ್ತು. ಬದಲಾಗಿದ್ದು ಆಫೀಸಿನಲ್ಲಿ.

ಇವೆರಡನ್ನೂ ತರುವ ಮೊದಲು ಅಲ್ಲಿ ಒಂದು ಸಾದಾ ಸ್ವಿಚ್ ಇತ್ತು. ಒಂದು ದಿನ ಬೆಳಿಗ್ಗೆ ಫೋನ್ ಬಂತು. "ರಾಶಿ, ಬೆಟ್ಟೆ ಎಲ್ಲ ತೂಗೋಕೆ ಜನ ಬಂದು ನಿಂತಿದಾರೆ ಮಾರಾಯ್ರೆ, ಒಂದು ಕಂಪ್ಯೂಟರೂ ನಡೀತಿಲ್ಲ." (ರಾಶಿ, ಬೆಟ್ಟೆ ಅಂದರೆ ಅಡಿಕೆಯ ಬಗೆಗಳು.) ನೆಲ ಒರೆಸುವಾಗ ಯಾರೋ ಬಿದ್ದಿದ್ದ ಕೇಬಲ್ ತುದಿಯನ್ನು ಅದೇ ಸ್ವಿಚ್ಚಿನ ಇನ್ನೊಂದು ಪೋರ್ಟಿಗೆ ಸಿಕ್ಕಿಸಿದ್ದರು. ಲೂಪ್ ಆಗಿ, ಅಂದರೆ ಮಾಹಿತಿ ಅದೇ ಸುತ್ತಿನಲ್ಲಿ ತಿರುಗುತ್ತಲೇ ಇದ್ದು, ಇಡೀ ನೆಟ್‌ವರ್ಕ್ ನಿಂತಿತ್ತು. ಕ್ಯಾಟಲಿಸ್ಟ್ ಹಾಕಿದ ಮೇಲೆ ಬೇಕಂತಲೇ ಅದೇ ತಪ್ಪು ಮಾಡಿ ನೋಡಿದೆ. ಒಂದು ಪೋರ್ಟಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು, ಉಳಿದದ್ದೆಲ್ಲ ಸುಮ್ನೆ ನಡೆಯುತ್ತಿತ್ತು. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಅದರಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ಮೈಕ್ರೋಟಿಕ್‌ನಲ್ಲೂ ಇದೆ, ಅದೂ ಪಾಸಾಯಿತು. ಆದರೆ ನನ್ನ ಪ್ರಕಾರ ಈ ಕೆಲಸಕ್ಕೆ ಕಾಲು ಭಾಗ ಬೆಲೆಯ ಹಳೆಯ ಪೆಟ್ಟಿಗೆ ಸಾಕಿತ್ತು. ಅದರ ಪೋರ್ಟುಗಳು 100 ಎಂಬಿಪಿಎಸ್‌ನವು, ಅಂದರೆ ಗಿಗಾಬಿಟ್‌ನ ಹತ್ತನೇ ಒಂದು ಭಾಗ ವೇಗ. ಲೆಕ್ಕಪತ್ರಕ್ಕೆ, ರಸೀದಿ ಪ್ರಿಂಟರಿಗೆ ಅಷ್ಟು ಧಾರಾಳ.

ದೊಡ್ಡ ವ್ಯತ್ಯಾಸ ಇನ್ನೊಂದು. ನಾನಿರುವುದು ಶಿವಮೊಗ್ಗದಲ್ಲಿ, ಸಂಘ 60 ಕಿಲೋಮೀಟರ್ ಆಚೆ. ದೂರದಿಂದ ಸೆಟ್ಟಿಂಗ್ ಬದಲಿಸುವಾಗ ಒಂದು ಸಾಲು ತಪ್ಪಿದರೆ ನಾವೇ ಹೊರಗೆ ಉಳಿಯುತ್ತೇವೆ. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಇದೆ. ಸಂಪರ್ಕ ಕಡಿದರೆ ಮಾಡಿದ ಬದಲಾವಣೆ ತಾನಾಗಿ ಹಿಂದಕ್ಕೆ ಹೋಗುತ್ತದೆ. ತುಂಬಾ ಒಳ್ಳೆಯ ಏರ್ಪಾಡು. ಸಿಸ್ಕೋದಲ್ಲಿ ಮೊದಲೇ 'ರೀಲೋಡ್ ಇನ್ 10' ಕೊಟ್ಟು ಕೆಲಸ ಶುರು ಮಾಡುತ್ತೇನೆ. ಎಡವಟ್ಟಾದರೆ 10 ನಿಮಿಷಕ್ಕೆ ಅದು ರೀಸ್ಟಾರ್ಟ್ ಆಗಿ, ಸೇವ್ ಮಾಡಿದ ಹಳೆಯ ಸೆಟ್ಟಿಂಗಿಗೆ ಮರಳುತ್ತದೆ. ಒಮ್ಮೆ ಮೈಕ್ರೋಟಿಕ್‌ನಲ್ಲಿ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ಭಾಗ ಮಾಡುವುದು) ಹಾಕುವಾಗ ಸೇಫ್ ಮೋಡ್ ಒತ್ತುವುದು ಮರೆತು, ನಾನೇ ಹೊರಗೆ ಉಳಿದೆ. ತಪ್ಪು ನನ್ನದೇ. ಅವತ್ತು ನನಗೆ ಜ್ವರ, ಬಸ್ ಹತ್ತುವ ಸ್ಥಿತಿ ಇರಲಿಲ್ಲ. ಅಲ್ಲಿ ಹೋಗಿ ನೋಡಲು ಮೈಕ್ರೋಟಿಕ್ ಗೊತ್ತಿರುವ ಒಬ್ಬರೂ ಸಿಗಲಿಲ್ಲ. ಸಿಸ್ಕೋ ಆಗಿದ್ದರೆ? ಇಂಜಿನಿಯರಿಂಗ್ ಓದುವಾಗ ಪ್ಯಾಕೆಟ್ ಟ್ರೇಸರ್ ಅನ್ನುವ ನೆಟ್‌ವರ್ಕ್ ಅಭ್ಯಾಸದ ಸಾಫ್ಟ್‌ವೇರಿನಲ್ಲಿ ಸಿಸ್ಕೋ ಕಮಾಂಡ್ ಹೊಡೆದ ಹುಡುಗರು ನನ್ನ ಪರಿಚಯದಲ್ಲೇ ನಾಲ್ಕು ಜನ ಇದ್ದಾರೆ. ಅದರಲ್ಲಿ ಒಬ್ಬಳ ಮನೆ ಸಂಘದ ಪಕ್ಕದ ಊರಲ್ಲೇ. ದೊಡ್ಡ ಹೆಸರಿಗೆ ಕೊಡುವ ದುಡ್ಡಿನಲ್ಲಿ ಇದೂ ಸೇರಿದೆ ಅನ್ನುವುದು ಅಲ್ಲಿವರೆಗೆ ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಸುರಕ್ಷತೆಯಲ್ಲಿ ಯಾರೂ ಮೇಲಲ್ಲ. 2018ರಲ್ಲಿ ಮೈಕ್ರೋಟಿಕ್‌ನ ಸೆಟ್ಟಿಂಗ್ ಬದಲಿಸುವ ವಿನ್‌ಬಾಕ್ಸ್ ಸಾಫ್ಟ್‌ವೇರಿನ ದೋಷಕ್ಕೆ ತೇಪೆ ಬಂದ ಮೇಲೂ ಅಪ್‌ಡೇಟ್ ಮಾಡದ ಲಕ್ಷಗಟ್ಟಲೆ ರೂಟರ್‌ಗಳು ಕಳ್ಳರ ಕೈ ಸೇರಿದವು. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋ ಸಾಧನಗಳೊಳಗಿನ ಐಒಎಸ್ ಎಕ್ಸ್‌ಇ ಸಾಫ್ಟ್‌ವೇರಿನ ವೆಬ್ ಪುಟದ ದೋಷದಿಂದ ಸಾವಿರಾರು ಸಾಧನಗಳಿಗೆ ಅದೇ ಗತಿ. ಮೈಕ್ರೋಟಿಕ್‌ಗೆ ಅಪ್‌ಡೇಟ್ ಉಚಿತವಾಗಿ ಬರುತ್ತದೆ, ಅದು ನನಗೆ ನೆಮ್ಮದಿ. ಹಳೆಯ ಕ್ಯಾಟಲಿಸ್ಟ್‌ಗೆ ಇನ್ನು ಏನೂ ಬರುವುದಿಲ್ಲ. ಅದರ ವೆಬ್ ಪುಟ ಬಂದ್ ಮಾಡಿ, ಒಳಗಿನ ಒಂದೇ ಕಂಪ್ಯೂಟರಿನಿಂದ ಮಾತ್ರ ಮುಟ್ಟಲು ಆಗುವ ಹಾಗೆ ಇಟ್ಟಿದ್ದೇನೆ.

ಈಗ ಗೋಡೌನಿನಲ್ಲಿ ಬ್ಯಾಟರಿ ಮೇಲೆ ಮೈಕ್ರೋಟಿಕ್, ಆಫೀಸಿನಲ್ಲಿ ಕ್ಯಾಟಲಿಸ್ಟ್. ನಡುವೆ ಫೈಬರ್. ಮುಂದಿನ ವರ್ಷ ಕ್ಯಾಟಲಿಸ್ಟ್ ಬದಲಿಸಲೇಬೇಕು. ಈ ಸಲ ಕೊಟೇಶನ್ ಕೇಳುವಾಗ ಸಿಸ್ಕೋ ಹೆಸರನ್ನೂ ಬರೆದಿದ್ದೇನೆ. ಐದು ವರ್ಷಕ್ಕೆ ಲೈಸೆನ್ಸ್, ಸರ್ವಿಸ್ ಎಲ್ಲ ಸೇರಿ ಎಷ್ಟು ಅಂತ ಒಂದೇ ಮೊತ್ತ ಕೊಡಿ ಎಂದು ಎಲ್ಲರಿಗೂ ಕೇಳಿದ್ದೇನೆ.