ಐಹೊಳೆಗೆ ಒಯ್ದ ಸ್ಕೆಚ್ ಕಿಟ್: ಪೆನ್ನು ಕೈ ಹಿಡಿಯಿತು, ಪುಸ್ತಕ ಕೈ ಕೊಟ್ಟಿತು

ಹಳೇ ಗುಡಿ, ಕೋಟೆ, ಹೆಂಚಿನ ಮನೆ ಕಂಡರೆ ಅಲ್ಲೇ ಕೂತು ಗೀಚುವ ಚಟ ನನಗೆ ಎರಡು ವರ್ಷದಿಂದ ಅಂಟಿಕೊಂಡಿದೆ. ಚಿತ್ರ ಚೆನ್ನಾಗಿ ಬರಲೇಬೇಕು ಅಂತೇನಿಲ್ಲ, ಒಂದು ಗಂಟೆ ಆಫೀಸು ಮರೆತರೆ ಸಾಕು. ಹಾಗಾಗಿ ಆನ್‌ಲೈನಿನಲ್ಲಿ ಪ್ರವಾಸದ ಸ್ಕೆಚ್ ಕಿಟ್ ಅಂತ ಒಂದು ಕಂಡಾಗ 1,150 ರೂಪಾಯಿ ಕೊಟ್ಟು ತರಿಸಿದೆ. ಎ5 ಪುಸ್ತಕ, ಎರಡು ಕಪ್ಪು ಪೆನ್ನು, 12 ಬಣ್ಣದ ಪುಟ್ಟ ಡಬ್ಬಿ, ಹಿಡಿಯಲ್ಲೇ ನೀರು ತುಂಬಿಕೊಳ್ಳುವ ಬ್ರಷ್. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಇದೇ ಮಾಲು ನಾಲ್ಕೈದು ಹೆಸರಿನಲ್ಲಿ ಬರುತ್ತದೆ.

ಮೊದಲ ಪರೀಕ್ಷೆ ಐಹೊಳೆಯ ದುರ್ಗ ಗುಡಿ ಮುಂದೆ. (ಹೆಸರು ದೇವಿಯಿಂದ ಬಂದದ್ದಲ್ಲ, ಕೋಟೆ ಅನ್ನುವ ಅರ್ಥದ ದುರ್ಗದಿಂದ.) ಗುಡಿಯ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ, ಅದಕ್ಕೇ ಗಜಪೃಷ್ಠ ಅನ್ನುತ್ತಾರೆ. ನೋಡೋಕೆ ಸುಲಭ, ಬಿಡಿಸಲು ಕೂತರೆ ಗೊತ್ತಾಗುತ್ತದೆ: ಸುತ್ತಲಿನ ಕಂಬಗಳು ತಿರುವಿನಲ್ಲಿ ಒಂದರ ಹಿಂದೆ ಒಂದು ಅಡಗುತ್ತಾ ಹೋಗುತ್ತವೆ, ನಾನು ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಪೆನ್ನು ಮಾತ್ರ ಎಲ್ಲೂ ತಡವರಿಸಲಿಲ್ಲ. 0.3 ಮಿ.ಮೀ. ಮೊನೆ, ಮೇಲೆ ನೀರು ಬಳಿದರೂ ಶಾಯಿ ಕದಡಲಿಲ್ಲ. ಅಗ್ಗದ ಕಿಟ್‌ಗಳಲ್ಲಿ ಇದು ಅಪರೂಪ.

ಎಡವಟ್ಟಾಗಿದ್ದು ಬಣ್ಣ ಶುರು ಮಾಡಿದ ಮೇಲೆ. 12 ಬಣ್ಣದಲ್ಲಿ ಎರಡು ಗುಲಾಬಿ, ಒಂದು ಗಿಳಿಹಸಿರು ಇದೆ, ಆದರೆ ಆ ಕೆಂಪು ಮರಳುಗಲ್ಲಿಗೆ ಬೇಕಾದ ಕಾವಿ ಇಲ್ಲ! ಕಿತ್ತಳೆಗೆ ಚೂರು ನೀಲಿ ಬೆರೆಸಿ ಹೇಗೋ ಒದಗಿಸಿದೆ. ಅಷ್ಟರಲ್ಲಿ ಹಾಳೆ ಹಪ್ಪಳದ ಹಾಗೆ ಮುದುಡಿಕೊಂಡಿತ್ತು. ಜಾಹೀರಾತಿನಲ್ಲಿ ಜಲವರ್ಣಕ್ಕೆ ಒಳ್ಳೆಯದು ಅಂತಿತ್ತು, ಪುಸ್ತಕದ ಹಿಂದೆ ಸಣ್ಣಕ್ಷರದಲ್ಲಿ 120 ಜಿಎಸ್‌ಎಂ. ಅಂದರೆ ಒಂದು ಚದರ ಮೀಟರ್ ಹಾಳೆ 120 ಗ್ರಾಂ ತೂಗುತ್ತದೆ, ಜಲವರ್ಣಕ್ಕೆ ತೆಳುವಾಯಿತು. ನೀರು ಜಾಸ್ತಿ ಬಳಸುವವರಿಗೆ 300 ಇದ್ದರೆ ನೆಮ್ಮದಿ.

ಮರುದಿನ ಪಟ್ಟದಕಲ್ಲಿನಲ್ಲಿ ಬಣ್ಣದ ಡಬ್ಬಿ ಚೀಲದಿಂದ ತೆಗೆಯಲೇ ಇಲ್ಲ. ಮಲ್ಲಿಕಾರ್ಜುನನ ಗುಡಿಯದು ಮೆಟ್ಟಿಲು ಮೆಟ್ಟಿಲಾದ ದಕ್ಷಿಣ ಭಾರತದ ಶೈಲಿಯ ಶಿಖರ, ಪಕ್ಕದ ಕಾಶಿ ವಿಶ್ವನಾಥನದು ಬಾಗುತ್ತಾ ಮೇಲೇರುವ ಉತ್ತರ ಭಾರತದ ಶೈಲಿಯ ಶಿಖರ, ಎರಡೂ ಒಂದೇ ಪುಟದಲ್ಲಿ ಸಿಗುತ್ತವೆ. ಬರೀ ಗೆರೆ ಎಳೆದೆ, ನೆರಳಿಗೂ ಗೆರೆಯೇ. ಆವತ್ತು ಬಂದದ್ದೇ ಇಡೀ ಪುಸ್ತಕದಲ್ಲಿ ಒಳ್ಳೆಯ ಚಿತ್ರ. ಬಿಸಿಲು ಏರಿದ್ದೂ ಗೊತ್ತಾಗಲಿಲ್ಲ, ಕಾಲು ಜೋಮು ಹಿಡಿದಾಗಲೇ ಎದ್ದದ್ದು.

ಬ್ರಷ್ ಪರವಾಗಿಲ್ಲ, ಹಿಡಿ ಜೋರಾಗಿ ಒತ್ತಿದರೆ ಮಾತ್ರ ದಬಕ್ಕನೆ ನೀರು ಸುರಿಯುತ್ತದೆ.

ಪುಸ್ತಕ ಬದಲಿಸಿ ಕೊಡಿ ಅಂತ ಮಾರಿದವರಿಗೆ ಬರೆದೆ. ಬಳಸಿದ ಮಾಲು ವಾಪಸ್ ತಗೊಳ್ಳುವುದಿಲ್ಲ ಅಂದರು. ಬಳಸದೆ ಗೊತ್ತಾಗೋದು ಹೇಗೆ, ಅಲ್ವಾ? ನನ್ನನ್ನು ಕೇಳಿದರೆ 5ಕ್ಕೆ 2.5, ಅದರಲ್ಲಿ 2 ಅಂಕ ಪೆನ್ನಿಗೇ. ಪೆನ್ನು ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ, ಉಳಿದ ದುಡ್ಡಿಗೆ ದಪ್ಪ ಹಾಳೆಯ ಪುಸ್ತಕ ತಗೊಳ್ಳಿ. ನಮ್ಮನೆಯಲ್ಲಿ ಈಗ ಆ ಪುಸ್ತಕದಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ. ಅದಕ್ಕೆ ಕಾಗದ ಬಹಳ ಚೆನ್ನಾಗಿದೆ.